ಚಾಕಿನ ಹಳದಿ

ಮಾವನ ಟೈಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜ ಹೊಲಿಯಲು ಕೂತಾಗ ನನಗೆ ಹದಿಮೂರು. ಶಾಲೆ ಬಿಟ್ಟಾಗಿತ್ತು. ಕೈ ಕಾಜದ ಮೇಲೆ, ಕಣ್ಣು ಮಾತ್ರ ಮಾವನ ಕಂಪ್ಯೂಟರಿನ ಮೇಲೆ. ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ಕಾಗದದ ನಮೂನೆ ಅಚ್ಚಾಗಿ ಬರುವಂತೆ ಅವರೇ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದುಕೊಂಡಿದ್ದರು. ಅದು ಓಡುವ ಕಪ್ಪು ಟರ್ಮಿನಲ್ ಕಿಟಕಿಯಲ್ಲಿ ಬಟ್ಟೆಗೆ ಗುರುತು ಹಾಕುವ ಟೈಲರ್ ಚಾಕಿನಂಥ ಹಳದಿ ಅಕ್ಷರಗಳು, ಮಾವನ ಮಂದ ಕಣ್ಣಿಗೆಂದು ಒಂದೊಂದೂ ಕೋಟಿನ ಗುಂಡಿಯಷ್ಟು.

"ಕದ್ದು ನೋಡ್ತೀಯಲ್ಲೇ ಕಳ್ಳಿ, ಹತ್ತಿರ ಬಾ," ಎಂದಿದ್ದರು ಒಂದು ದಿನ. ಹಾಗೆ ಕಲಿತೆ.

ಆರು ವರ್ಷದ ಮೇಲೆ ಮಾವನ ಕಣ್ಣಿಗೆ ಆಪರೇಷನ್ ಆಯಿತು. ಅವರು ಮನೆಯಲ್ಲಿದ್ದಾಗಲೇ ಕಂಪ್ಯೂಟರೂ ಏದುಸಿರು ಬಿಡತೊಡಗಿತು. ಅತ್ತೆ ಹೊಸ ಲ್ಯಾಪ್‌ಟಾಪ್ ತಂದಿಟ್ಟರು.

"ಸೋಮವಾರ ಬಂದು ಇದರಲ್ಲಿ ಓದೋಕಾದ್ರೆ ಕೂರ್ಲಿ. ಇಲ್ಲಾಂದ್ರೆ ಬೇರೆ ಕಟಿಂಗ್ ಮಾಸ್ತರನ್ನ ಕರೀತೀನಿ. ನಿಮ್ಮ ಮಾವ ಮನೇಲಿ ರೇಡಿಯೋ ಕೇಳ್ಲಿ."

ಮಾವನ ಕುರ್ಚಿ ಖಾಲಿಯಾಗುವುದನ್ನು ನೆನೆದು, ಸೂಜಿ ಕೆಳಗಿಟ್ಟು ಹೊಸ ಲ್ಯಾಪ್‌ಟಾಪಿನ ಮುಂದೆ ಕೂತೆ.

ಸ್ಕ್ರಿಪ್ಟನ್ನು ನಕಲು ಮಾಡಿ ಹಾಕಿದರೆ ಹೊಸ ಲ್ಯಾಪ್‌ಟಾಪ್ ಅದಿಲ್ಲ ಇದಿಲ್ಲ ಎಂದು ಹೊಸ ಅಳಿಯನಂತೆ ಮುನಿಸಿಕೊಂಡಿತು. ಹಳೆಯದಕ್ಕೆ ಮರಳಿ, ಸ್ಕ್ರಿಪ್ಟು, ಅದು ನೆಚ್ಚಿಕೊಂಡ ಲೈಬ್ರರಿ ಎಂಬ ಸಿದ್ಧ ಕೋಡುಗಳು, ಅದನ್ನು ಓಡಿಸುವ ಪೈಥಾನ್ ತಂತ್ರಾಂಶ, ಎಲ್ಲವನ್ನೂ ಒಂದೇ ಫೈಲಾಗಿ ಗಂಟು ಕಟ್ಟಿದೆ. ಅದನ್ನು ಹೊಸದಕ್ಕೆ ತಂದು ಹಾಕಿದೆ. ಬೇರೇನನ್ನೂ ಕೇಳದೆ ಓಡಿತು. ಅತ್ತೆ ಹಳೆಯದನ್ನು ಅಂದೇ ಗುಜರಿಗೆ ಕೊಟ್ಟರು.

ಆಮೇಲೆ ಗಮನಿಸಿದೆ. ಅಕ್ಷರಗಳು ಬೂದು ಬಣ್ಣ, ಎಳ್ಳಿನಷ್ಟು. ಬಣ್ಣ, ಗಾತ್ರಗಳಿದ್ದದ್ದು ಪ್ರೋಗ್ರಾಮಿನಲ್ಲಲ್ಲ, ಟರ್ಮಿನಲ್‌ನ ಸೆಟ್ಟಿಂಗ್ ಫೈಲಿನಲ್ಲಿ. ಆ ಫೈಲಿನ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ, ಫೈಲುಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಎಲ್ಲ ನೋಡುತ್ತೇನೆಂದುಕೊಂಡವಳು ಅದನ್ನೇ ಬಿಟ್ಟು ಬಂದಿದ್ದೆ.

ಮಾವನ ಡ್ರಾಯರಿನಲ್ಲಿ ಒಂದು ಹಳದಿ ಚಾಕಿನ ತುಂಡಿತ್ತು. ಅದನ್ನು ಪರದೆಗೆ ಒತ್ತಿ ಹಿಡಿದು, ಹೊಸದರ ಸೆಟ್ಟಿಂಗ್ ಫೈಲಿನಲ್ಲಿ ಬಣ್ಣದ ಅಂಕಿಯನ್ನು ಒಂದೊಂದಾಗಿ ಬದಲಿಸುತ್ತ ಹೋದೆ. ಗಾತ್ರಕ್ಕೆ ಕೋಟಿನ ಗುಂಡಿ ಇಟ್ಟು ನೋಡಿದೆ.

ಸೋಮವಾರ ಮಾವ ಬಂದು ಕೂತರು. ಅತ್ತೆ ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತರು. ಮಾವ ಪರದೆಗೆ ಮುಖ ತಂದರು. ನನ್ನ ದಾರ ಸಿಕ್ಕಾಯಿತು.

"ಎದೆ... ಸೊಂಟ... ತೋಳು," ಎಂದು ಓದಿದರು. ಪರದೆಯ ಅಂಚಿನ ಹಳದಿ ಪುಡಿಯನ್ನು ಬೆರಳಿಗೆ ತೆಗೆದುಕೊಂಡರು. "ಡ್ರಾಯರಿನ ಚಾಕ್ ಹಿಡಿದ್ಯೇನೇ? ಅದು ಬಣ್ಣ ಹೋದದ್ದು. ನಂದು ಇನ್ನೂ ಗಾಢ ಇತ್ತು."

"ಕಣ್ಣು ಕಾಣಲ್ಲ ಅಂತ ಮಲಗಿದ್ದವರಿಗೆ ಬಣ್ಣದ ತಕರಾರು ನೋಡು!" ಎನ್ನುತ್ತ ಅತ್ತೆ ಒಳಗೆ ಹೋಗಿ, ಕುರ್ಚಿಯ ದಿಂಬು ತಂದು ಅವರ ಬೆನ್ನಿಗೆ ಒತ್ತಿದರು.

ನಾನು ಸೆಟ್ಟಿಂಗ್ ಫೈಲ್ ತೆರೆದೆ. ಗಿರಾಕಿಗೆ ಟ್ರಯಲ್ ತೊಡಿಸಿ ನೋಡುವಾಗಿನ ದನಿಯಲ್ಲೇ ಮಾವ ಹೇಳತೊಡಗಿದರು: "ಇನ್ನೊಂಚೂರು... ಇನ್ನೊಂಚೂರು... ಹಾಂ, ಅಲ್ಲೇ ಬಿಡು."