ಗಾಜಿನ ಮೇಲೆ ಎಳೆದ ಗೆರೆ

ಅಪ್ಪನಿಗಾಗಿ ಬ್ಲೆಂಡರ್ ಕೊಳ್ಳಲು ಹೊರಟಾಗ ವ್ಯಾಟ್ ಅಂದರೆ ಬಲ್ಬಿಗೆ ಸಂಬಂಧಿಸಿದ್ದು ಎಂಬುದಷ್ಟೇ ನನಗೆ ಗೊತ್ತಿತ್ತು. ಸಂಜೆ ಮನೆಗೆ ಮರಳುವಾಗ ಅದೂ ಗೊತ್ತಿರಲಿಲ್ಲ.

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಗಂಟಲು ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. ನಮ್ಮ ಹಳೇ ಮಿಕ್ಸಿಯಲ್ಲಿ ಅರೆದ ಸೂಪಿನೊಳಗೆ ಹೇಗೋ ಉಳಿದುಕೊಂಡ ಒಂದು ಬಟಾಣಿ ಸಿಪ್ಪೆ ಸಿಕ್ಕಿಕೊಂಡು, ಮುಖ ನೀಲಿಗಟ್ಟುವವರೆಗೆ ಕೆಮ್ಮಿದ್ದರು. ಅಂದಿನಿಂದ ಚಮಚ ತುಟಿಯ ಹತ್ತಿರ ಬಂದರೆ ಸಾಕು, ಬಾಯಿ ಬಿಗಿದುಕೊಳ್ಳುತ್ತಿದ್ದರು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಬರುವ ಶುಕ್ರವಾರದ ಹೊತ್ತಿಗೆ ತೂಕ ಇನ್ನೂ ಇಳಿದಿದ್ದರೆ ಮೂಗಿನಲ್ಲಿ ನಳಿಕೆ ಹಾಕಬೇಕು ಎಂದರು. ಅಪ್ಪ ತೊದಲುತ್ತಲೇ, "ನಳಿಕೆ ಬೇಡ" ಎಂದರು.

ಲಾಂಡ್ರಿಯಲ್ಲಿ ವಾರಕ್ಕೆ ಆರು ದಿನ ಇಸ್ತ್ರಿ ಹಾಕುವ ನನಗೆ ಭಾನುವಾರ ಒಂದೇ ಬಿಡುವು. ಅಪ್ಪ ತಾವೂ ಬರುವುದಾಗಿ ಹಟ ಹಿಡಿದು ಕೋಲು ಕೈಗೆತ್ತಿಕೊಂಡರು. ಬೇಯಿಸಿದ ಬಟಾಣಿ, ಕ್ಯಾರೆಟ್ ತುಂಬಿದ ಡಬ್ಬಿ ಹಿಡಿದು ಮಗಳೂ ಬಂದಳು. ಹಿಡಿದ ರಾಗ ಬಿಡದೆ ಕುಯ್ಯುವುದರಿಂದ ಅವಳಿಗೆ ಮನೆಯಲ್ಲಿ ಪಿಟೀಲು ಎಂದು ಹೆಸರು.

ಅಂಗಡಿಯವನು ಮೂರು ಯಂತ್ರ ತಂದು ಸಾಲಾಗಿ ಇಟ್ಟ.

"ಇದು ಎರಡು ಸಾವಿರ ವ್ಯಾಟ್ ಮೇಡಂ. ಪಕ್ಕದ್ದು ಸಾವಿರದ ಇನ್ನೂರು, ಆದ್ರೆ ಇದಕ್ಕಿಂತ ಜೋರು."

"ಕಮ್ಮಿ ಇರೋದು ಹೇಗಪ್ಪಾ ಜೋರಾಗುತ್ತೆ?"

"ಇದು ಶುರುವಲ್ಲಿ ಒಂದು ಕ್ಷಣ ಎಳೆಯೋ ಲೆಕ್ಕ. ಅದು ಒಂದೇ ಸಮ ಓಡೋ ಲೆಕ್ಕ."

"ಅಮ್ಮನ ಕೋಪದ ಥರ," ಎಂದಳು ಪಿಟೀಲು. "ಒಂದೇ ಸಮ ಓಡುತ್ತೆ."

ನಾನು ಬ್ಲೇಡು ಮುಟ್ಟಿ ನೋಡಿದೆ. ಮೊಂಡಾಗಿತ್ತು.

"ಮೊಂಡಾಗಿಯೇ ಇರಬೇಕು ಮೇಡಂ. ಇದು ಕೊಯ್ಯಲ್ಲ, ಬಡಿದು ನುಣ್ಣಗೆ ಮಾಡುತ್ತೆ."

ಹಾಗಾದರೆ ಚೂಪಾದದ್ದನ್ನು ಪಕ್ಕದಲ್ಲಿ ಏಕೆ ಇಟ್ಟಿದ್ದಾನೆ ಎಂದು ಕೇಳಿದೆ. ಅದೂ ಒಳ್ಳೆಯದೇ ಎಂದ. ನನ್ನ ತಲೆ ಗಿರ್ರೆಂದಿತು. ಲಾರಿ ಓಡಿಸುವ ಗಂಡನಿಗೆ ಫೋನ್ ಮಾಡಿದೆ. "ನಿಂಗೆ ಯಾವ್ದು ಸರಿ ಅನ್ಸುತ್ತೋ ಅದು ತಗೋ" ಎಂದರು. ಮದುವೆಯಾದಾಗಿನಿಂದ ಪರದೆ, ಪಾತ್ರೆ, ಮಗಳ ಶಾಲೆ, ಎಲ್ಲಕ್ಕೂ ಅವರದು ಇದೇ ಉತ್ತರ.

ಅಂಗಡಿಯವನು ಬಾಳೆಹಣ್ಣು, ಹಾಲು ಹಾಕಿ ಮೂರನ್ನೂ ಓಡಿಸಿ ತೋರಿಸಿದ. ಮೂರರಲ್ಲೂ ಬೆಣ್ಣೆಯಂತೆ ಬಂತು. ಬಾಳೆಹಣ್ಣನ್ನು ನಾನು ಬೆರಳಲ್ಲೇ ಹಾಗೆ ಮಾಡಬಲ್ಲೆ. ಜಾರ್‌ಗಳನ್ನು ತೊಳೆಸಿ, ಡಬ್ಬಿಯ ಮುಚ್ಚಳ ತೆಗೆದು ಅಪ್ಪನ ಒಂದು ಊಟದಷ್ಟು ತರಕಾರಿಯನ್ನು ಎರಡು ಸಾವಿರ ವ್ಯಾಟಿನದ್ದಕ್ಕೆ ಸುರಿದೆ. ಯಂತ್ರ ಕಿವಿ ಹರಿಯುವಂತೆ ಕಿರುಚಿ ನಿಂತಿತು. ನೋಡಲು ನುಣ್ಣಗೇ ಇತ್ತು.

ಅಪ್ಪ ಕುರ್ಚಿಯಿಂದ ಎದ್ದರು. ನಲವತ್ತು ವರ್ಷ ಮನೆಗಳಿಗೆ ಬಣ್ಣ ಹಚ್ಚಿದವರು. ಹೊಸ ಡಬ್ಬಿ ಒಡೆದಾಗಲೆಲ್ಲ ಮೊದಲು ಕಿಟಕಿಯ ಗಾಜಿನ ಮೇಲೆ ಒಂದು ಗೆರೆ ಎಳೆದು, ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕಾಳು ಕಂಡರೆ ಬಣ್ಣವನ್ನು ಬಟ್ಟೆಯಲ್ಲಿ ಸೋಸದೆ ಗೋಡೆ ಮುಟ್ಟುತ್ತಿರಲಿಲ್ಲ. ಈಗ ಚಮಚದಿಂದ ಬೆರಳಿಗೆ ಒಂದಿಷ್ಟು ತೆಗೆದುಕೊಂಡು, ಅಂಗಡಿಯ ಫಳಫಳ ಹೊಳೆಯುವ ಗಾಜಿನ ಬಾಗಿಲ ಮೇಲೆ ಗೇಣುದ್ದದ ಗೆರೆ ಎಳೆದರು.

"ಯಜಮಾನ್ರೇ, ಬೆಳಿಗ್ಗೆ ತಾನೇ ಒರೆಸಿದ್ದು," ಎಂದ ಅಂಗಡಿಯವನು.

ಬೆಳಕಿನಲ್ಲಿ ಹಸಿರು ಚುಕ್ಕೆಗಳು ಎದ್ದು ಕಂಡವು. ಅಪ್ಪ ತಲೆ ಅಲ್ಲಾಡಿಸಿದರು. ಉಳಿದೆರಡಕ್ಕೂ ಅಷ್ಟಷ್ಟೇ ತರಕಾರಿ ಹಾಕಿಸಿದೆ. ಸಾವಿರದ ಇನ್ನೂರರದ್ದಕ್ಕೆ ಇನ್ನೊಂದು ಗೆರೆ. ಚುಕ್ಕೆ ಕಡಿಮೆ, ಆದರೆ ಇದ್ದವು. ಮೂರನೆಯದಕ್ಕೆ ಗೆರೆಯನ್ನೂ ಎಳೆಯಲಿಲ್ಲ, ಚಮಚ ಓರೆ ಮಾಡಿದಾಗಲೇ ಸಿಪ್ಪೆ ಕಂಡಿತ್ತು. ಕುರ್ಚಿಯಲ್ಲಿ ಕುಸಿದು ಬಾಯಿ ಬಿಗಿದುಕೊಂಡರು.  ಇಷ್ಟೊಂದು ವ್ಯಾಟಿಗೆ ಬಗ್ಗದ ಸಿಪ್ಪೆಯನ್ನು ಇನ್ನಾವುದಕ್ಕೆ ಹಾಕುವುದು?

ಅಂಗಡಿಯವನು ಎರಡು ಸಾವಿರದ್ದರ ಜಾರ್ ಎತ್ತಿ ಒಳಗೆ ಇಣುಕಿದ. ಮೊದಲ ಬಾರಿಗೆ ಮಾರುವವನ ದನಿ ಬಿಟ್ಟು ಮಾತಾಡಿದ. "ಮೇಡಂ, ಇದು ಎರಡು ಲೀಟರಿನ ಜಾರ್. ನೀವು ಹಾಕಿದ್ದು ಒಂದು ಬಟ್ಟಲು. ಎಲ್ಲಾ ಗೋಡೆಗೆ ಎರಚಿಕೊಂಡು ಕೂತಿದೆ. ಬ್ಲೇಡು ಬರೀ ಗಾಳೀಲಿ ತಿರುಗ್ತಿದೆ. ಡಬ್ಬೀಲಿ ಉಳಿದಿದ್ದೆಲ್ಲಾ ಹಾಕಿ ನೋಡೋಣ."

ಡಬ್ಬಿ ಬರಿದಾಯಿತು, ನೀರೂ ಸೇರಿತು. ಅದೇ ಎರಡು ಸಾವಿರದ್ದು ಈ ಸಲ ಕಿರುಚಲಿಲ್ಲ, ಗುಡುಗಿತು. ಅಪ್ಪ ಗೆರೆ ಎಳೆದರು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಯಾರೂ ಹೇಳದೆ ಆ ಬೆರಳನ್ನು ಬಾಯಿಗಿಟ್ಟುಕೊಂಡರು. ನಾವು ಮೂವರೂ ಅವರ ಗಂಟಲನ್ನೇ ನೋಡುತ್ತ ನಿಂತೆವು. ಅದು ಮೇಲೆದ್ದಿತು, ಇಳಿಯಿತು. ಕೆಮ್ಮು ಬರಲಿಲ್ಲ.

"ಆದ್ರೆ ಇದು ನಾಲ್ಕು ಬಟ್ಟಲಾಯ್ತಲ್ಲಪ್ಪಾ," ಎಂದೆ. "ಉಳಿದಿದ್ದನ್ನ ಯಾರು ತಿನ್ನೋದು?"

ಅಪ್ಪ ಹಸಿರು ಬೆರಳನ್ನು ನನ್ನ ಕಡೆ ತೋರಿಸಿದರು, ಆಮೇಲೆ ಮೊಮ್ಮಗಳ ಕಡೆ, ಆಮೇಲೆ ರಸ್ತೆಯ ಕಡೆ. ರಸ್ತೆಯೆಂದರೆ ಅಳಿಯ.

"ಅಜ್ಜಾ, ನಂಗೆ ಹಲ್ಲಿದೆ. ನಾನ್ಯಾಕೆ ತಿನ್ಬೇಕು? ಅಮ್ಮಾ, ನೋಡಮ್ಮಾ ಅಜ್ಜ..."

"ಪಿಟೀಲು," ಎಂದರು ಅಪ್ಪ, ತೊದಲದೆ. "ಸಾಕು."

ಅಂದು ರಾತ್ರಿಯ ಊಟಕ್ಕೆ ನಾಲ್ಕು ಬಟ್ಟಲು ಒಂದೇ ಬಣ್ಣದಲ್ಲಿ ಸಾಲಾಗಿ ಕೂತವು. ಗಂಡ ತಮ್ಮದನ್ನು ನೋಡಿ, "ಬಣ್ಣ ಚೆನ್ನಾಗಿದೆ. ಯಾವ ಕೋಣೆಗೆ, ಮಾವಾ?" ಎಂದರು. ಅಪ್ಪ ಅಡುಗೆಮನೆಯ ಕಿಟಕಿಗೆ ಗೆರೆ ಎಳೆದು ಬಂದು, ತಮ್ಮ ಚಮಚ ತಾವೇ ಹಿಡಿದರು. ಅವರು ಅಷ್ಟು ದಿನ ಹೆದರಿದ್ದು ಸಿಪ್ಪೆಗೋ, ಒಬ್ಬರೇ ಬೇರೆ ಊಟಕ್ಕೆ ಕೂರುವುದಕ್ಕೋ, ಇಂದಿಗೂ ನನಗೆ ಬಗೆಹರಿದಿಲ್ಲ.

ಶುಕ್ರವಾರ ತೂಕದ ಮುಳ್ಳು ಹಿಂದಿನ ಜಾಗದಲ್ಲೇ ನಿಂತಿತು. ಇಳಿದಿರಲಿಲ್ಲ. ಡಾಕ್ಟರು ನಳಿಕೆಯ ಮಾತೆತ್ತದೆ, ಏನೋ ಬರೆಯುತ್ತ ಕೇಳಿದರು, "ಒಳ್ಳೆ ಬ್ಲೆಂಡರೇ ತಗೊಂಡಿದ್ದೀರಿ. ಎಷ್ಟು ವ್ಯಾಟಿಂದು?"

ಅಪ್ಪನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ನಾಲ್ಕು ಬಟ್ಟಲಿಂದು," ಎಂದೆ.