ಕುಳಿಯೊಳಗಿನ ಗುರುತು

ಪ್ರತಿ ಬುಧವಾರ ಬೆಳಿಗ್ಗೆ ವಾದ್ಯ ತಯಾರಿಸುವ ನಮ್ಮೂರು ಕ್ರಾಸ್ಲಿಸೆಯ ಪುರಭವನದಲ್ಲಿ ಕೂತು, ಜನ ತರುವ ಹಳೆಯ ಕೊಳಲು, ಕ್ಲಾರಿನೆಟ್‌ಗಳ ಮೂಲ ಗುರುತಿಸಿ ಬೆಲೆ ಹೇಳುತ್ತೇನೆ. ಬರುವವರಲ್ಲಿ ಮುಕ್ಕಾಲು ಪಾಲು ಮೂರ್ಖರು. ಮರದ ಮೇಲಿನ ಮುದ್ರೆಯಲ್ಲಿ ವಿಯೆನ್ನಾದ ಹೆಸರು ಕಂಡರೆ ಸಾಕು, ನಿಧಿ ಸಿಕ್ಕಿತೆಂದು ಓಡಿ ಬರುತ್ತಾರೆ. ಹೊರಗಿನವರು ಹಾಗೆ ನಂಬಿದರೆ ಹೋಗಲಿ, ನಮ್ಮೂರಿನವರಿಗೂ ತಲೆ ಬೇಡವೇ? ಇಲ್ಲಿ ಕೊಳಲು ಕಡೆದವನು ತನ್ನ ಹೆಸರನ್ನು ಎಂದೂ ಒತ್ತಲಿಲ್ಲ. ಕೊಳ್ಳುವ ವ್ಯಾಪಾರಿಯ ಹೆಸರನ್ನೇ ಒತ್ತಿ ಕಳಿಸುತ್ತಿದ್ದ.

ಇವರಿಗಿಂತಲೂ ನನಗೆ ಹೇಸಿಗೆ, ಕೊಯ್ಯುವವರನ್ನು ಕಂಡರೆ. ತುಂಡುಗಳನ್ನು ಜೋಡಿಸಿ ಮಾಡಿದ ಹಳೆಯ ಮರದ ಕೊಳಲಿನ ಶ್ರುತಿ ಇಂದಿನದಕ್ಕಿಂತ ತುಸು ಇಳಿದಿರುತ್ತದೆ. ಅದನ್ನು ಏರಿಸಲು ನಡುವಿನ ತುಂಡನ್ನು ಏಳೆಂಟು ಮಿಲಿಮೀಟರ್ ಗರಗಸಕ್ಕೆ ಕೊಡುತ್ತಾರೆ. ಶ್ರುತಿ ಏರುತ್ತದೆ, ಆದರೆ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅಂಥವರನ್ನು ಮೂವತ್ತು ವರ್ಷಗಳಿಂದ ಸಭೆಗಳಲ್ಲೂ ಪತ್ರಿಕೆಗಳಲ್ಲೂ ಉಗಿಯುತ್ತ ಬಂದಿದ್ದೇನೆ.

ಕಳೆದ ಬುಧವಾರ ಓತಿಲಿಯೆ ಬಂದರು. ನನಗೆ ಕೆಲಸ ಕಲಿಸಿದ ವೆನ್ಸೆಲ್ ಟಾಶ್ನರ್ ಅವರ ಮಗಳು, ನನಗಿಂತ ಐದು ವರ್ಷ ದೊಡ್ಡವರು. ಟವೆಲ್ಲಿನಲ್ಲಿ ಸುತ್ತಿದ್ದ ಕಪ್ಪು ಮರದ ಕೊಳಲನ್ನು ಮೇಜಿನ ಮೇಲಿಟ್ಟರು.

"ಬ್ಯಾಂಡಿನವರ ಅಟ್ಟದಲ್ಲಿ ಸಿಕ್ತು, ಹಿನೆಕ್. ಇದು ಅಪ್ಪನ ಕೈ ಕೆಲಸ. ಮ್ಯೂಸಿಯಂನಲ್ಲಿ ಇಡ್ತಾರಂತೆ, ಆದ್ರೆ ಅಪ್ಪಂದೇ ಅಂತ ನೀನು ಸಹಿ ಹಾಕ್ಬೇಕು. ಊರಲ್ಲಿ ಎಲ್ಲೂ ಅಪ್ಪನ ಹೆಸರಿಲ್ಲ. ಒಂದು ಚೀಟಿ ಮೇಲಾದ್ರೂ ಇರ್ಲಿ."

ಕೊಳಲಿನ ಮೇಲಿದ್ದದ್ದು ವಿಯೆನ್ನಾದ ಯಾವನೋ ವ್ಯಾಪಾರಿಯ ಮುದ್ರೆ. ಅದನ್ನು ಬಿಟ್ಟು ನಡುವಿನ ತುಂಡನ್ನು ಅಳೆದೆ. ಏಳು ಮಿಲಿಮೀಟರ್ ಕಡಿಮೆ ಬಂತು. ಪಿತ್ತ ನೆತ್ತಿಗೇರಿತು.

"ಯಾವ ಕತ್ತೆ ಕೊಯ್ದಿದ್ದು ಇದನ್ನ? ಕೈಗೆ ಗರಗಸ ಸಿಕ್ರೆ ಸಾಕು, ಎಲ್ರೂ ಕುಶಲಕರ್ಮಿಗಳೇ. ಇಂಥವನ ಬೆರಳು ಕೊಯ್ಬೇಕಿತ್ತು."

"ಬೈಯೋದು ಆಮೇಲೆ. ಕುಳಿ ಒಳಗೆ ನೋಡು ಮೊದ್ಲು."

ತುಂಡುಗಳು ಕೂಡುವ ಕುಳಿಯೊಳಗೆ, ಹೊರಗೆ ಕಾಣದಂತೆ, ಕಡೆದವನು ತನ್ನದೊಂದು ಗುರುತು ಗೀರುವುದು ನಮ್ಮ ಕಾರ್ಖಾನೆಗಳ ರೂಢಿ. ಮುಂದೆ ಆ ಕೊಳಲನ್ನು ಬಿಚ್ಚಿ ಕೆಲಸ ಮಾಡಿದವನು ಅದರ ಕೆಳಗೆ ತನ್ನ ಗುರುತು ಸೇರಿಸಬೇಕು. ಹೊಗಳಿಕೆಯೋ ಬೈಗುಳವೋ, ಸರಿಯಾದವನಿಗೆ ಸಿಗಲಿ ಎಂದು.

ಸಣ್ಣ ದೀಪ ಹಿಡಿದು ನೋಡಿದೆ. ಮೂರು ಗೀರು, ಒಂದು ಚುಕ್ಕೆ. ವೆನ್ಸೆಲ್ ಅವರದೇ, ಸಂಶಯವಿಲ್ಲ. ಅದರ ಕೆಳಗೆ ಒಂದು ಕೊಕ್ಕೆ.

ಆ ಕೊಕ್ಕೆ ನನ್ನದು.

ಎಪ್ಪತ್ತೆರಡನೆಯ ಇಸವಿ. ಕೊಳಲುಗಳ ಶ್ರುತಿ ಏರಿಸಿಕೊಡು ಎಂದು ಬ್ಯಾಂಡಿನವರು ಕೇಳಿದ್ದರು. ವೆನ್ಸೆಲ್ ಕಾಯಿಲೆಯಾಗಿ ಮನೆಯಲ್ಲಿದ್ದರು. ಇಪ್ಪತ್ತಮೂರರ ನಾನು ಒಂದೇ ವಾರದಲ್ಲಿ ಹನ್ನೊಂದು ಕೊಳಲು ಕೊಯ್ದು, ಭೇಷ್ ಅನ್ನಿಸಿಕೊಂಡು, ಬಿಯರ್ ಕುಡಿದಿದ್ದೆ. ಆಮೇಲೆ ಅದನ್ನು ಅನುಕೂಲವಾಗಿ ಮರೆತೂ ಬಿಟ್ಟಿದ್ದೆ. ಮೂವತ್ತು ವರ್ಷ ನಾನು ಉಗಿದದ್ದು ಯಾರಿಗೆ ಎಂದು ಈಗ ತಿಳಿಯಿತು.

"ಏನು ಕಾಣ್ತು?" ಓತಿಲಿಯೆ ಕೇಳಿದರು. ಅವರ ಎರಡು ಕಣ್ಣಿಗೂ ಪೊರೆ ಬಂದಿದೆ. ಏನೂ ಕಾಣಲಿಲ್ಲ ಅಂದರೆ ಮುಗಿದುಹೋಗುತ್ತಿತ್ತು. ವೆನ್ಸೆಲ್ ಅವರ ಗುರುತನ್ನು ಒಪ್ಪಿದರೆ ಮ್ಯೂಸಿಯಂನವರು ಅದರ ಫೋಟೊ ತೆಗೆಯುತ್ತಾರೆ, ಅದರಲ್ಲಿ ನನ್ನ ಕೊಕ್ಕೆಯೂ ಕಾಣುತ್ತದೆ. ಏನೂ ಕಾಣಲಿಲ್ಲ ಅನ್ನಲು ನಾನು ಬಾಯಿ ತೆರೆದದ್ದೂ ನಿಜ. ನಾಚಿಕೆಗೇಡಿ ಬಾಯಿ.

"ಮರ ತುಂಬಾ ಹಳೇದು, ಗುರುತು ಸರಿಯಾಗಿ..." ಎಂದು ಶುರುಮಾಡಿದೆ.

"ಅಪ್ಪ ಕಾಯಿಲೆಯಿಂದ ಎದ್ದು ಬಂದು ಕೊಯ್ದ ಕೊಳಲುಗಳನ್ನ ನೋಡಿದ್ರು," ಅಂದರು ಅವರು ನಿಧಾನವಾಗಿ. "ಅವತ್ತು ಊಟ ಮಾಡ್ಲಿಲ್ಲ. ಯಾರು ಕೊಯ್ದಿದ್ದು ಅಂತ ಅಮ್ಮ ಕೇಳಿದ್ರೆ ಹೇಳ್ಲೂ ಇಲ್ಲ. ಹಾಳು ಮಾಡ್ದ, ಆದ್ರೆ ಗುರುತು ಬಿಟ್ಟಿದ್ದಾನೆ, ಸುಳ್ಳುಗಾರ ಅಲ್ಲ, ಅಷ್ಟೇ ಅಂದಿದ್ದು."

ನಾನು ಫಾರ್ಮನ್ನು ಎಳೆದುಕೊಂಡೆ. ಕಡೆದವರು ಎಂಬಲ್ಲಿ ವೆನ್ಸೆಲ್ ಟಾಶ್ನರ್ ಎಂದು ಬರೆದೆ. ಅದರ ಕೆಳಗೆ, ನಂತರದ ಹಾನಿ ಎಂಬ ಸಾಲಿನಲ್ಲಿ, ನಡುವಿನ ತುಂಡನ್ನು ಕೊಯ್ದವನು ಹಿನೆಕ್ ವ್ರಬಾಟಾ ಎಂದು ಬರೆಯತೊಡಗಿದೆ. ಪೆನ್ನಿನ ಸದ್ದು ಕೇಳಿ ಓತಿಲಿಯೆ ಕಾಗದದ ಮೇಲೆ ಬಾಗಿದರು.

"ದಪ್ಪ ಅಕ್ಷರದಲ್ಲಿ ಬರಿ," ಅಂದರು. "ನಾನೂ ಓದ್ಬೇಕು."