ಹವಳದ ಅಡಿಯ ಮೊಟ್ಟೆಗಳು

ನನ್ನ ಗಂಡ ವೀಬೆಗೆ ಹುಳ ಗುರುತಿಸುವ ಹುಚ್ಚು. ನಮ್ಮ ಬಂದರೂರು ಹಾರ್ಲಿಂಗನ್ ಸುತ್ತಮುತ್ತ ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವರೆಲ್ಲ, ಕಲ್ಲಿನ ಸಂದಿಯಿಂದ ಏನೇ ಹೊರಬಂದರೂ ಮೊಸರಿನ ಡಬ್ಬಿಯಲ್ಲಿ ಹಾಕಿಕೊಂಡು ನಮ್ಮ ಅಡುಗೆಮನೆಗೇ ಬರುತ್ತಾರೆ. ನಾನು ಬ್ರೆಡ್ಡಿಗೆ ಬೆಣ್ಣೆ ಸವರುವ ಮೇಜಿನ ಮೇಲೇ ಅವನು ಅವನ್ನು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿ ಹಿಡಿಯುತ್ತಾನೆ. ಮೈಯೆಲ್ಲ ಮುಳ್ಳುಕೂದಲಿನ ಹುಳ, ಲೋಳೆ ಸುರಿಸುವ ಚಪ್ಪಟೆ ಹುಳ, ಇನ್ನೇನೇನೋ. ಛೀ, ಇಪ್ಪತ್ತು ವರ್ಷವಾದರೂ ನನ್ನ ವಾಕರಿಕೆ ನಿಂತಿಲ್ಲ.

ಈ ಜನರಲ್ಲಿ ಒಂದು ರೂಢಿಯಿದೆ. ಹವಳ ಚೆನ್ನಾಗಿ ಬೆಳೆದರೆ ಒಂದು ತುಂಡು ಮುರಿದು ಸ್ನೇಹಿತರ ತೊಟ್ಟಿಯಲ್ಲಿ ಬಿಡುತ್ತಾರೆ. ತಮ್ಮದು ಸತ್ತರೆ ಅಲ್ಲಿಂದ ವಾಪಸು ತರಬಹುದು. ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವ ರೆನ್ಸ್ಕೆ, ಉಗುರಿನಷ್ಟಿದ್ದ ಕಿತ್ತಳೆ ಹವಳವನ್ನು ಹನ್ನೊಂದು ವರ್ಷ ಸಾಕಿ ಮೊರದಗಲ ಮಾಡಿದ್ದರು. ಅದರಿಂದ ಮುರಿದು ಕೊಟ್ಟ ಒಂದೇ ಒಂದು ತುಂಡು ನಮ್ಮಲ್ಲಿತ್ತು.

ಮೇ ತಿಂಗಳಲ್ಲಿ ಅವರ ಹವಳ ಬೆಳ್ಳಗಾಗತೊಡಗಿತು. ವೀಬೆ ಹೋಗಿ ನೋಡಿದ. ಹವಳ ತಿನ್ನುವ, ಅಕ್ಕಿಕಾಳಿನಷ್ಟು ಬಿಳಿ ಹುಳಗಳು. ಅಕ್ವೇರಿಯಂ ಸಂಘದ ಸಭೆಯಲ್ಲಿ ಎಲ್ಲರೆದುರೇ, ಕಂಡಕಂಡಲ್ಲಿಂದ ಕಲ್ಲು ತಂದು ತುಂಬಿಕೊಂಡರೆ ಇನ್ನೇನಾಗುತ್ತದೆ ಎಂದು ಅವರ ಮಾನ ಕಳೆದ. ಮೊಟ್ಟೆ ಔಷಧಿಗೂ ಸಾಯುವುದಿಲ್ಲ, ಎಲ್ಲ ಹವಳವನ್ನೂ ಎಸೆಯಿರಿ ಎಂದು ತೀರ್ಪು ಕೊಟ್ಟ. ರೆನ್ಸ್ಕೆ ತಲೆ ತಗ್ಗಿಸಿ ಕೂತಿದ್ದರು.

ಶನಿವಾರ ಬೆಳಿಗ್ಗೆ ಕಾಫಿ ಕುಡಿದು ನಮ್ಮ ತೊಟ್ಟಿಯ ಗಾಜು ಒರೆಸುತ್ತಿದ್ದೆ. ರೆನ್ಸ್ಕೆಯ ತುಂಡು ಬೆಳ್ಳಗಾಗಿ ಮಗುಚಿ ಬಿದ್ದಿತ್ತು. ಎತ್ತಿದರೆ ಅಡಿಯಲ್ಲಿ ಲೋಳೆ ಲೋಳೆ ಮೊಟ್ಟೆಗಳ ಗುಪ್ಪೆ, ಅದರ ಮೇಲೆ ಹರಿದಾಡುವ ಬಿಳಿ ಹುಳ. ಪಕ್ಕದ ಹಸಿರು ಹವಳವನ್ನೂ ತಿರುಗಿಸಿದೆ. ಅದರಲ್ಲಿ ಇನ್ನೂ ಹೆಚ್ಚು, ತಿಂದ ಜಾಗದ ಮೇಲೆ ಪಾಚಿ ಬೆಳೆಯುವಷ್ಟು ಹಳೆಯದು. ಆ ಹಸಿರನ್ನು ವೀಬೆಯೇ ಚಳಿಗಾಲದಲ್ಲಿ ಗಡಿಯಾಚೆಯ ಎಮ್ಡನ್ ಊರಿನಿಂದ ತಂದಿದ್ದ. ಬೇರೆಯವರು ತಂದದ್ದನ್ನೆಲ್ಲ ಔಷಧಿನೀರಿಗೆ ಅದ್ದಿಸುವವನು, ತಾನು ತಂದದ್ದನ್ನು ನೇರವಾಗಿ ತೊಟ್ಟಿಗೆ ಇಳಿಸಿದ್ದ. ತನ್ನ ಕಣ್ಣೇ ಸಾಕಂತೆ. ಮಾರ್ಚ್‌ನಲ್ಲಿ ಅದರದೇ ಒಂದು ತುಂಡನ್ನು ರೆನ್ಸ್ಕೆಗೆ ಪ್ರೀತಿಯಿಂದ ಕೊಟ್ಟೂ ಬಂದಿದ್ದ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವ ಮನುಷ್ಯ.

ಕರೆದು ತೋರಿಸಿದೆ.

"ಯಾರಿಗೂ ಹೇಳ್ಬೇಡ," ಅಂದ. "ನನ್ನ ಮಾತಿಗೆ ಆಮೇಲೆ ಯಾರು ಬೆಲೆ ಕೊಡ್ತಾರೆ?"

ಹವಳ ಎಸೆಯುವ ಮೊದಲೇ ರೆನ್ಸ್ಕೆಯನ್ನು ತಡೆಯಬೇಕೆಂದು ಫೋನ್ ಎತ್ತಿಕೊಂಡೆ. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು. ಅವರೇ.

"ಎಲ್ಲಾ ಕಿತ್ತು ಎಸೆದ್ಬಿಟ್ಟೆ ಕಣಮ್ಮ," ಅಂದರು. ಅಳುದನಿ. "ನಿಮ್ಮನೇಲಿ ನನ್ನದೊಂದು ತುಂಡಿದೆಯಲ್ಲ, ಅದೊಂದೇ ಸಮಾಧಾನ. ತೊಟ್ಟಿ ತೊಳೆದ್ಮೇಲೆ ಬಂದು ತಗೊಂಡು ಹೋಗ್ತೀನಿ."

ಫೋನನ್ನು ವೀಬೆಯ ಕೈಗಿಟ್ಟೆ.

"ಬನ್ನಿ ಬನ್ನಿ, ಜೋಪಾನವಾಗಿದೆ," ಅಂದ.

ಇಷ್ಟು ವರ್ಷ ಯಾವ ಹುಳವನ್ನು ಕಂಡೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಫೋನ್ ಕಿತ್ತುಕೊಂಡೆ.

"ರೆನ್ಸ್ಕೆ, ಅದನ್ನೂ ಹುಳ ತಿಂದಿದೆ. ನಿಮ್ಮನೆಗೆ ಹುಳ ಬಂದಿದ್ದು ಇವನು ಕೊಟ್ಟ ಹಸಿರು ತುಂಡಿನಿಂದ. ನಿಮ್ಮ ತಪ್ಪು ಏನೂ ಇರ್ಲಿಲ್ಲ."



"ಹಾಗಾದ್ರೆ ನನ್ನ ಕಿತ್ತಳೆ ಹವಳ ಎಲ್ಲೂ ಉಳಿದಿಲ್ವಾ?" ಅಂತ ಕೇಳಿದರು.

ಇಲ್ಲ ಅಂದೆ.